ಆರು ಹನ್ನೆರಡರ ರೈಲು

ನಮ್ಮಕ್ಕ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುವ ಕೆಲಸ ಮಾಡುತ್ತಾಳೆ. ಇಪ್ಪತ್ತೆರಡು ವರ್ಷವಾಯಿತು. ಗಂಟೆಗೆ ತೊಂಬತ್ತು ಬಟ್ಟೆ. ಎದುರಿಗೆ ನಿಂತು ಇನ್ನೊಂದು ತುದಿ ಹಿಡಿಯುವವರು ಈವರೆಗೆ ಮೂರು ಸಲ ಬದಲಾಗಿದ್ದಾರೆ. ಒಬ್ಬಳಿಗೆ ಬೆನ್ನುನೋವು ಬಂತು, ಒಬ್ಬಳಿಗೆ ಮದುವೆಯಾಯಿತು, ಇನ್ನೊಬ್ಬಳು ನಮ್ಮಕ್ಕನ ಕಾಟ ತಾಳಲಾರದೆ ಬಿಟ್ಟಳು. ಮೂಲೆಗೆ ಮೂಲೆ ಸೇರದಿದ್ದರೆ ಅಕ್ಕ ಬಟ್ಟೆಯನ್ನೂ ಬಿಡುವುದಿಲ್ಲ, ಎದುರಿನವರನ್ನೂ ಬಿಡುವುದಿಲ್ಲ. ಅದಕ್ಕೇ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಮೇಸ್ತ್ರಿ ಎಂದು ಕರೆಯುತ್ತಾರೆ. ನಿಜವಾದ ಮೇಸ್ತ್ರಿ ಬೇರೆ ಇದ್ದಾನೆ. ಅವನೂ ಹಾಗೇ ಕರೆಯುತ್ತಾನೆ.

ಅವಳ ಲೆಕ್ಕವೆಲ್ಲ ಮಡಚುವುದರಲ್ಲೇ. ನಿಮಿಷ, ಸೆಕೆಂಡು ಅವಳಿಗೆ ಅಷ್ಟಾಗಿ ಒಗ್ಗಲಿಲ್ಲ. ಗಡಿಯಾರದಲ್ಲಿ ಆರು, ಆರು ಹತ್ತು ನೋಡಲು ಬರುತ್ತದೆ, ಅದರೊಳಗಿನ ಸಂದಿಗಳನ್ನು ಬಟ್ಟೆಯಿಂದ ತುಂಬುತ್ತಾಳೆ. ಮೊಟ್ಟೆ ಬೇಯಲು ಒಂಬತ್ತು ಹಾಸಿಗೆ ಬಟ್ಟೆ. ಹಲ್ಲುಜ್ಜಲು ಮೂರು. ನಾನು ಫೋನಿನಲ್ಲಿ ಜೋರು ಮಾಡಿ ಆಮೇಲೆ ಸಮಾಧಾನವಾಗಲು ಹತ್ತಿಪ್ಪತ್ತು. ದಿಂಬಿನ ಚೀಲ ಚಿಲ್ಲರೆ ಇದ್ದಂತೆ, ಸಣ್ಣ ಹೊತ್ತಿಗೆ ಅದು. ನನ್ನ ಹೆಂಡತಿ ಈ ಲೆಕ್ಕದಲ್ಲೇ ಈಗ ಅಡುಗೆ ಮಾಡುತ್ತಾಳೆ, ಮೊಟ್ಟೆ ಒಂದು ದಿನವೂ ಹಸಿಯಾಗಿ ಉಳಿದದ್ದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ಅದನ್ನೇ ಮೊದಲು ಹೇಳುವ ರೂಢಿಯಿತ್ತು. ಅಕ್ಕನ ಬುದ್ಧಿ ವಯಸ್ಸಿನ ಜೊತೆ ಬೆಳೆಯುತ್ತಿಲ್ಲ ಎಂದು ಡಾಕ್ಟರು ಅವಳ ನಾಲ್ಕನೇ ವಯಸ್ಸಿನಲ್ಲಿ ಬರೆದುಕೊಟ್ಟರು. ಶಾಲೆಯವರು ಎರಡು ವರ್ಷ ಇಟ್ಟುಕೊಂಡು ವಾಪಸ್ ಕಳಿಸಿದರು. ಮನೆಗೆ ಯಾರೇ ಬರಲಿ, ಅಮ್ಮ ಕುರ್ಚಿ ತೋರಿಸುವ ಮೊದಲೇ, "ಇವಳು ನಮ್ಮ ದೊಡ್ಡವಳು, ಸ್ವಲ್ಪ ನಿಧಾನ, ಅಷ್ಟೇ" ಅನ್ನುತ್ತಿದ್ದಳು. ಬಂದವರು ಪಿಳಿಪಿಳಿ ನೋಡುವ ಮೊದಲೇ ನಾವೇ ಹೇಳಿಬಿಟ್ಟರೆ ನೋವು ಕಡಿಮೆ ಎಂದು ಅವಳ ಎಣಿಕೆ. ಅಮ್ಮ ತೀರಿಕೊಂಡ ಮೇಲೆ ಬೀರು, ಹೊಲಿಗೆ ಯಂತ್ರ, ಅಕ್ಕ ಇಷ್ಟೂ ನನ್ನ ಮನೆಗೆ ಬಂದವು. ಆ ಮಾತೂ ಬಂತು. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಚಪ್ಪಲಿ ಅಂಗಡಿಯಲ್ಲಿ ನಾನೂ ಅದನ್ನೇ ಹೇಳಿಕೊಂಡು ಬಂದೆ. "ನಮ್ಮಕ್ಕ. ಸ್ವಲ್ಪ ನಿಧಾನ, ಅಷ್ಟೇ." ಅಕ್ಕ ಪಕ್ಕದಲ್ಲೇ ನಿಂತಿರುತ್ತಿದ್ದಳು. ಅವಳಿಗೂ ಕಿವಿಯಿದೆ ಎಂಬುದು ನನಗೆ ಹೊಳೆದಿರಲಿಲ್ಲ.

ನಾನು ಲಿಫ್ಟ್ ರಿಪೇರಿ ಮಾಡುವವನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ದಿನವಿಡೀ ಮೋಟಾರು ಕೋಣೆಯ ಗ್ರೀಸು, ಮೇಲೆ ಕೆಳಗೆ ಜನರ ಬೈಗುಳ. ವಯಸ್ಸಿನಲ್ಲಿ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ಬಾರಿಸುತ್ತಿದ್ದೆ. ನಾಲ್ಕು ದಪ್ಪ ತಂತಿಯ ಆ ಗಿಟಾರ್ ನಮ್ಮ ಅಟ್ಟದಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಸಂಗೀತ ಗೊತ್ತಿರುವವನು ನಮ್ಮ ಮನೆಯಲ್ಲಿ ನಾನೊಬ್ಬನೇ ಎಂಬ ಜಂಬ ಮಾತ್ರ ಧೂಳು ಹಿಡಿದಿರಲಿಲ್ಲ.

ಅಕ್ಕ ಡ್ರಮ್ಸ್ ಹಿಡಿದದ್ದು ಎಂಟು ವರ್ಷದ ಹಿಂದೆ. ರೈಲುಹಳಿಯ ಪಕ್ಕ ಬಣ್ಣದ ಡಬ್ಬಗಳನ್ನು ತುಂಬಿಡುತ್ತಿದ್ದ ಹಳೇ ತಗಡಿನ ಶೆಡ್ಡು ಒಂದಿದೆ. ಶಾಲೆಯಿಂದ ನಿವೃತ್ತರಾದ ಸಂಗೀತದ ಮೇಷ್ಟ್ರೊಬ್ಬರು ಅದನ್ನು ಬಾಡಿಗೆಗೆ ಹಿಡಿದು ಬ್ಯಾಂಡು ಕಟ್ಟಲು ಹೊರಟಿದ್ದರು. ಬುದ್ಧಿಮಾಂದ್ಯರು ಎಂದು ಊರು ಪಕ್ಕಕ್ಕೆ ಸರಿಸಿದವರೂ ಉಳಿದವರೂ ಒಟ್ಟಿಗೆ ಬಾರಿಸಬೇಕು ಎಂಬುದು ಅವರ ಹಟ. "ಇಲ್ಲಿ ಎಲ್ಲರೂ ಬಾರಿಸ್ತಾರೆ. ಯಾರೂ ಯಾರನ್ನೂ ನೋಡ್ಕೊಳ್ಳೋಕೆ ಬಂದಿಲ್ಲ" ಎಂದು ಮೊದಲ ದಿನವೇ ಹೇಳಿದರಂತೆ. ಲಾಂಡ್ರಿಯ ಗೆಳತಿಯ ಜೊತೆ ಸುಮ್ಮನೆ ನೋಡಲು ಹೋದ ಅಕ್ಕ ಡ್ರಮ್ಸಿನ ಹಿಂದೆ ಕೂತಳು, ಯಾಕೆಂದರೆ ಅಲ್ಲಿ ಖಾಲಿಯಿದ್ದದ್ದು ಅದೊಂದೇ ಸ್ಟೂಲು. ಆಮೇಲೆ ಅವಳನ್ನು ಅಲ್ಲಿಂದ ಎಬ್ಬಿಸಲು ಯಾರಿಂದಲೂ ಆಗಲಿಲ್ಲ.

ಬ್ಯಾಂಡಿನಲ್ಲಿ ಐದೇ ಜನ. ಹಾಡುವವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಾರೆ. ಮೂವತ್ತು ವರ್ಷದ ಗುಂಡನೆಯ ಮುಖದವನು, ಗಿಡ ಮಾರುವಲ್ಲಿ ನೀರು ಹಾಕುವ ಕೆಲಸ, ಕೇಳಿದ ಜಾಹೀರಾತನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾನೆ. ಕೀಬೋರ್ಡಿನವಳು ಮೌನಿ, ಐವತ್ತು ದಾಟಿದವಳು, ಮಾತಾಡುವುದೇ ಇಲ್ಲ, ತಪ್ಪು ಸ್ವರ ಬಂದರೆ ಮಾತ್ರ ಹುಬ್ಬು ಗಂಟಿಕ್ಕುತ್ತಾಳೆ. ಗಿಟಾರಿಗೆ ಮೇಷ್ಟ್ರು. ಬಾಸಿಗೆ ಒಬ್ಬ ಬೇಕರಿಯವನಿದ್ದ. ಹಿಟ್ಟು ನಾದಿ ನಾದಿ ಈ ವರ್ಷ ಅವನ ಮಣಿಕಟ್ಟು ಕೈಕೊಟ್ಟಾಗ ಅಕ್ಕ ನನ್ನ ಅಟ್ಟದ ಕಡೆ ಬೆರಳು ತೋರಿಸಿದಳು. ದೊಡ್ಡ ಉಪಕಾರ ಮಾಡುವವನ ಹಾಗೆ ನಾನು ಒಪ್ಪಿಕೊಂಡೆ. ಅಕ್ಕನ ಮೇಲೆ ಒಂದು ಕಣ್ಣೂ ಇಟ್ಟ ಹಾಗಾಯಿತು ಎಂಬ ಲೆಕ್ಕ ಒಳಗೇ ಇತ್ತು.

ಶೆಡ್ಡಿನಲ್ಲಿ ಮಂಗಳವಾರ, ಶುಕ್ರವಾರ ಅಭ್ಯಾಸ. ಆರಕ್ಕೆ ಬಾಗಿಲು, ಆರು ಹತ್ತಕ್ಕೆ ಗುಂಡಿ ಹಾಡು. ರೇಡಿಯೋನ ಅಂಗಿಯ ಗುಂಡಿ ಕಳೆದು ಅವನು ಒಂದು ವಾರ ಗೋಳು ಹೊಯ್ದುಕೊಂಡಿದ್ದನ್ನೇ ಮೇಷ್ಟ್ರು ಹಾಡು ಮಾಡಿದ್ದರು. "ಗುಂಡಿ ಕಳೆದಿದೆ, ಅಂಗಿ ತುಂಬ ಗಾಳಿ" ಎಂದು ಶುರುವಾಗುತ್ತದೆ. ಅದು ಬಾಗಿಲು ತೆಗೆಯುವ ಹಾಡು, ದಿನಕ್ಕೆ ಒಂದೇ ಸಲ ಎಂದು ಅಕ್ಕನ ಕಾನೂನು. ಆರು ಹನ್ನೆರಡಕ್ಕೆ ಪ್ಯಾಸೆಂಜರ್ ರೈಲು ಹೋಗುತ್ತದೆ. ಹತ್ತು ಹೆಜ್ಜೆ ಆಚೆಗೇ ಹಳಿ, ಮೇಲೆ ತಗಡು, ಅದು ಹೋಗುವವರೆಗೆ ಒಳಗೆ ಯಾರದ್ದೂ ಯಾರಿಗೂ ಕೇಳುವುದಿಲ್ಲವಂತೆ. ನಾನು ಕೆಲಸ ಮುಗಿಸಿ ತಲುಪುವ ಹೊತ್ತಿಗೆ ಆರೂವರೆ ಆಗಿರುತ್ತಿತ್ತು, ಗುಂಡಿ ಹಾಡೂ ರೈಲೂ ಎರಡೂ ಹೋಗಿರುತ್ತಿದ್ದವು. ಆ ಹಾಡನ್ನು ಮೇಷ್ಟ್ರು ತಮ್ಮ ಮನೆಯಲ್ಲಿ ಗಿಟಾರಿನಲ್ಲಿ ಬಾರಿಸಿ ನನ್ನ ಫೋನಿಗೆ ಕಳಿಸಿದ್ದರು. ನಾನು ಅದನ್ನು ಕೇಳಿಕೊಂಡು ಮನೆಯಲ್ಲೇ ಕಲಿತೆ.

"ಒಂದು ಸಲ ಆರಕ್ಕೆ ಬಾ" ಎಂದು ಅಕ್ಕ ಪ್ರತಿ ವಾರ ಹೇಳುತ್ತಿದ್ದಳು.

"ನಂಗೆ ಬರುತ್ತಕ್ಕಾ ಆ ಹಾಡು. ಮೂರೇ ಸ್ವರ ಇರೋದು."

"ನೀನು ನಮ್ಮ ಜೊತೆ ಬಾರಿಸಿಲ್ಲ."

"ಬಾರಿಸಿದ್ರೆ ಏನು ಬೇರೆ ಆಗುತ್ತಾ?" ಎಂದು ನಾನು ಷೂ ಬಿಚ್ಚುತ್ತಾ ಹೇಳುತ್ತಿದ್ದೆ. ಅವಳ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ನಲವತ್ತು ವರ್ಷ ಅಭ್ಯಾಸವಾಗಿತ್ತು.

ನಮ್ಮ ಊರಿನ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಸಂಗೀತದ ದಿನ ನಡೆಯುತ್ತದೆ. ಮೂರು ವರ್ಷದಿಂದ ನಮ್ಮವರನ್ನೂ ಕರೆಯುತ್ತಿದ್ದರು. ಮಧ್ಯಾಹ್ನ ಎರಡೂವರೆಗೆ, ಊಟ ಮಾಡಿ ಜನ ತೂಕಡಿಸುವ ಹೊತ್ತಿಗೆ. ಕಾರ್ಯಕ್ರಮದ ಪಟ್ಟಿಯಲ್ಲಿ 'ವಿಶೇಷ ಮಕ್ಕಳಿಂದ' ಎಂದು ಅಚ್ಚಾಗಿರುತ್ತಿತ್ತು. ಅಕ್ಕನಿಗೆ ಆಗ ನಲವತ್ತೈದು. ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಜ್ಯೂಸು, ಮಕ್ಕಳು ಚಿತ್ರ ಬಿಡಿಸುವ ಬಣ್ಣದ ಕಡ್ಡಿಯ ಒಂದು ಡಬ್ಬಿ. ಮೌನಿಗೂ ಬಣ್ಣದ ಕಡ್ಡಿ. ಮುಂದಿನ ಸಾಲಿನವರು ಹಾಡು ಮುಗಿಯುವ ಮೊದಲೇ ಚಪ್ಪಾಳೆ ತಟ್ಟಿ, "ಪಾಪ, ಎಷ್ಟು ಚೆನ್ನಾಗಿ ಮಾಡ್ತಾವೆ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಕಳೆದ ವರ್ಷ ಅಕ್ಕ ಡಬ್ಬಿಯನ್ನು ಮನೆಯವರೆಗೆ ತಂದು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದಳು.

"ನಾನು ಕೆಲಸಕ್ಕೆ ಹೋಗ್ತೀನಿ. ನಂಗ್ಯಾಕೆ ಇದು?" ಅಂದಳು.

ಮರುದಿನ ಆ ಡಬ್ಬಿಯನ್ನು ಅವಳು ಸಭಾಂಗಣದ ಆಫೀಸಿಗೆ ಹಿಂದಿರುಗಿಸಿ ಬಂದಳಂತೆ, ಅದು ಗೊತ್ತಾದದ್ದೇ ತಡವಾಗಿ. ಈ ವರ್ಷ ಅಲ್ಲಿಗೆ ಹೊಸ ವ್ಯವಸ್ಥಾಪಕಿ ಬಂದಿದ್ದಾರೆ ಎಂದು ಸುದ್ದಿ ತಿಳಿದದ್ದೇ ತಡ, ರಜೆಯ ದಿನ ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಒಬ್ಬಳೇ ಹೋಗಿ ಅವರ ಮೇಜಿನ ಮುಂದೆ ನಿಂತಿದ್ದಾಳೆ. "ನಮಗೆ ಸಂಜೆ ಬೇಕು. ಬ್ಯಾಂಡ್ ಅಂತ ಬರೀಬೇಕು. ವಿಶೇಷ ಅಂತ ಬರೀಬಾರ್ದು." ಆ ಹೆಂಗಸು ಕನ್ನಡಕ ತೆಗೆದು ನೋಡಿ, "ಗುರುವಾರ ಹನ್ನೊಂದಕ್ಕೆ ಬಂದು ಎರಡು ಹಾಡು ಬಾರಿಸಿ. ಕೇಳಿ ಹೇಳ್ತೀನಿ" ಅಂದರಂತೆ.

ಮಧ್ಯಾಹ್ನದ ಜ್ಯೂಸು ಖಾತರಿಯಾಗಿತ್ತು, ಇದು ಹಾಗಲ್ಲ. ಬೇಡ ಅಂದರೆ ಅಕ್ಕನಿಗೆ ಹೇಗಾದೀತು ಎಂದು ನನಗೆ ಭಯ. ಹೊರಗಿನವರ ಹತ್ತಿರ ಅವಳು ಸ್ವಂತ ಬಾಯಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಬುಧವಾರ ಮಲಗುವ ಮೊದಲು ಅವಳ ಕೋಣೆಗೆ ಇಣುಕಿದೆ. ಡ್ರಮ್ಸ್ ಕೋಲುಗಳನ್ನು ಟವೆಲಿನಲ್ಲಿ ಮೂಲೆಗೆ ಮೂಲೆ ಸೇರಿಸಿ ಸುತ್ತಿಡುತ್ತಿದ್ದಳು.

"ಅವರು ಆಗಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ" ಅಂದೆ.

"ಆಗಲ್ಲ ಅಂದ್ರೆ ಯಾಕೆ ಅಂತ ಕೇಳ್ತೀನಿ" ಅಂದಳು.

ಗುರುವಾರ ಸಭಾಂಗಣ ಖಾಲಿ. ನಾನೂರು ಕುರ್ಚಿಗಳ ನಡುವೆ ಐದನೇ ಸಾಲಿನಲ್ಲಿ ವ್ಯವಸ್ಥಾಪಕಿ ಒಬ್ಬರೇ, ಮಡಿಲಲ್ಲಿ ಒಂದು ನೋಟ್‌ಪುಸ್ತಕ. ಹಿಂದೆ ನೆಲ ಗುಡಿಸುವವನೊಬ್ಬ. ಮೊದಲ ಹಾಡು ಸುಮಾರಾಗಿ ಹೋಯಿತು. ಆ ಹೆಂಗಸು ತಲೆಯನ್ನೂ ಆಡಿಸಲಿಲ್ಲ, ಏನೋ ಬರೆದುಕೊಂಡರು. ಎರಡನೆಯದು ಗುಂಡಿ ಹಾಡು. ಅಕ್ಕ ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸಿದಳು, ಹಾಡು ಹೊರಟಿತು. ಚೆನ್ನಾಗಿಯೇ ಹೊರಟಿತು. ಎರಡು ಚರಣ ಮುಗಿಯುವಷ್ಟರಲ್ಲಿ ಗುಡಿಸುವವನ ಪೊರಕೆ ತಾಳಕ್ಕೆ ಬಿದ್ದದ್ದನ್ನು ನಾನೇ ನೋಡಿದೆ. ಗೆದ್ದೆವು ಅಂದುಕೊಂಡೆ.

ಮೂರನೇ ಚರಣದ ಎರಡನೇ ಸಾಲಿನಲ್ಲಿ ಅಕ್ಕ ಕೈಯೆತ್ತಿ ನಿಲ್ಲಿಸಿಬಿಟ್ಟಳು.

ಇಡೀ ಸಭಾಂಗಣದಲ್ಲಿ ಉಳಿದದ್ದು ನನ್ನ ಬಾಸು ಒಂದೇ. ಧುಂ, ಧುಂ, ಧುಂ ಎಂದು ಬೆಪ್ಪನ ಹಾಗೆ ಒಂದು ಸಾಲು ಪೂರ್ತಿ ಬಾರಿಸಿದೆ. ಆಮೇಲೆ ನನ್ನ ಬೆರಳೂ ಸತ್ತುಹೋಯಿತು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಾಗ ಒಳಗಿನವರ ಮುಖ ಹೇಗಾಗುತ್ತದೆ ಎಂದು ನಾನು ನೂರಾರು ಸಲ ನೋಡಿದ್ದೇನೆ, ಆವತ್ತು ನನ್ನದು ಹಾಗಾಗಿರಬೇಕು. ಮರೆತಳು ಅಂದುಕೊಂಡೆ. ದೊಡ್ಡ ಜಾಗ, ಹೆದರಿದಳು, ಎಲ್ಲ ಹೋಯಿತು ಅಂದುಕೊಂಡೆ. ಉಳಿದವರ ಕಡೆ ತಿರುಗಿ ನೋಡುವ ವ್ಯವಧಾನವೂ ಇಲ್ಲದೆ ಐದನೇ ಸಾಲಿನ ಕಡೆ ಕೈಮುಗಿದೆ.

"ಕ್ಷಮಿಸಿ ಮೇಡಂ. ನಮ್ಮಕ್ಕ. ಸ್ವಲ್ಪ ನಿಧಾನ, ಅಷ್ಟೇ. ಇನ್ನೊಂದು ಸಲ..."

"ಶ್, ರೈಲು ಹೋಗ್ಲಿ" ಎಂದು ಹಿಂದಿನಿಂದ ಅಕ್ಕನ ದನಿ ಬಂತು.

ತಿರುಗಿ ನೋಡಿದೆ. ಅಕ್ಕ ಎರಡೂ ಕೋಲುಗಳನ್ನು ಎದೆಯ ಮಟ್ಟಕ್ಕೆ ಹಿಡಿದು ಆರಾಮಾಗಿ ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು, ಮಣಿಕಟ್ಟು ಚೂರೇ ಚೂರು ತಿರುಗುತ್ತಿತ್ತು, ಗಾಳಿಯಲ್ಲಿ ಏನನ್ನೋ ಮಡಚುತ್ತಿದ್ದ ಹಾಗೆ. ರೇಡಿಯೋ ಮೈಕಿನ ಮುಂದೆ ಬಾಯಿ ಮುಚ್ಚಿ ಕಾಯುತ್ತಿದ್ದ. ಮೌನಿ ಎರಡೂ ಕೈಯನ್ನು ಕೀಬೋರ್ಡಿನಿಂದ ಒಂದು ಗೇಣು ಮೇಲಕ್ಕೆತ್ತಿ ಹಿಡಿದಿದ್ದಳು, ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದಳು. ಮೇಷ್ಟ್ರು ತಂತಿಯ ಮೇಲೆ ಅಂಗೈ ಇಟ್ಟು ನೆಲ ನೋಡುತ್ತಿದ್ದರು. ಅವರಿಗೆ ನಗು ತಡೆಯುವುದು ಕಷ್ಟವಾಗಿತ್ತು. ಗಾಬರಿ ಆ ವೇದಿಕೆಯ ಮೇಲೆ ಇದ್ದದ್ದು ನನಗೊಬ್ಬನಿಗೇ.

ಆಮೇಲೆ ಅಕ್ಕ ಕೋಲು ಇಳಿಸಿದಳು. ನಾಲ್ವರೂ ಒಂದೇ ಏಟಿಗೆ, ಕೂದಲೆಳೆಯಷ್ಟೂ ಹಿಂದುಮುಂದಾಗದೆ, ಬಿಟ್ಟ ಅಕ್ಷರದಿಂದಲೇ ಹಾಡನ್ನು ಎತ್ತಿಕೊಂಡರು. ಆ ಮೌನದಿಂದ ಎದ್ದ ಸದ್ದಿಗೆ ನನ್ನ ಮೈಯ ರೋಮವೆಲ್ಲ ನಿಂತಿತು. ಹೋಟೆಲಿನ ಬ್ಯಾಂಡಿನಲ್ಲಿ ಆರು ವರ್ಷ ಬಾರಿಸಿದವನು ನಾನು, ಜೋರಾಗಿ ಎಣಿಸುವವರಿಲ್ಲದೆ, ಸನ್ನೆಯಿಲ್ಲದೆ ಅಷ್ಟು ಹೊತ್ತು ಕಾದು ಒಟ್ಟಿಗೆ ಎದ್ದದ್ದನ್ನು ಯಾವತ್ತೂ ಕಂಡಿರಲಿಲ್ಲ. ಎರಡು ಸಾಲು ಕಳೆದ ಮೇಲೆ ಹೇಗೋ ನಾನೂ ಹತ್ತಿಕೊಂಡೆ.

ಆಗಿದ್ದು ಇಷ್ಟೇ, ಮೇಷ್ಟ್ರು ಆಮೇಲೆ ಬಿಡಿಸಿ ಹೇಳಿದರು. ಎಂಟು ವರ್ಷವೂ ಆರು ಹನ್ನೆರಡರ ರೈಲು ಗುಂಡಿ ಹಾಡಿನ ಮೂರನೇ ಚರಣದ ಮೇಲೆಯೇ ಹಾದುಹೋಗಿತ್ತು. ಮೊದಮೊದಲು ಕೇಳಿಸದೆ ನಿಲ್ಲಿಸುತ್ತಿದ್ದರು, ಹೋದ ಮೇಲೆ ಮುಂದುವರಿಸುತ್ತಿದ್ದರು. ಬರುಬರುತ್ತಾ ಅದು ಹಾಡಿನೊಳಗೇ ಸೇರಿಕೊಂಡಿತು. ರೈಲು ತಡವಾದ ದಿನವೂ, ಬಾರದ ದಿನವೂ ಅಲ್ಲಿ ನಿಲ್ಲುತ್ತಿದ್ದರು, ಅಕ್ಕ ಎಣಿಸಿ ಎಬ್ಬಿಸುತ್ತಿದ್ದಳು. ಮಧ್ಯಾಹ್ನ ಎರಡೂವರೆಯ ಕಾರ್ಯಕ್ರಮದಲ್ಲಿ ಅವರಿಗೆ ಕೊಡುತ್ತಿದ್ದದ್ದು ಒಂದೇ ಹಾಡಿಗೆ ಸಮಯ, ಅಲ್ಲಿ ಬೇರೆ ಹಾಡು ಬಾರಿಸುತ್ತಿದ್ದರು, ಹಾಗಾಗಿ ಹೊರಗಿನವರು ಯಾರೂ ಇದನ್ನು ಕೇಳಿರಲಿಲ್ಲ. ಮೇಷ್ಟ್ರು ಮನೆಯಲ್ಲಿ ಒಬ್ಬರೇ ಬಾರಿಸಿ ನನಗೆ ಕಳಿಸಿದ್ದರಲ್ಲಿ ರೈಲು ಇರಲಿಲ್ಲ. "ನೀನು ಆರಕ್ಕೆ ಬರ್ತೀಯ, ನೋಡ್ತೀಯ ಅಂದ್ಕೊಂಡಿದ್ದೆ ಕಣಯ್ಯ" ಅಂದರು.

ಹಾಡು ಮುಗಿದಾಗ ವ್ಯವಸ್ಥಾಪಕಿ ಚಪ್ಪಾಳೆ ತಟ್ಟಲಿಲ್ಲ. ನೋಟ್‌ಪುಸ್ತಕ ಹಿಡಿದು ವೇದಿಕೆಯ ಬುಡಕ್ಕೆ ಬಂದರು.

"ಮೊದಲ್ನೇ ಹಾಡು ಬೇಡ, ಉದ್ದ ಆಯ್ತು. ಹಾಡೋರೇ, ನೀವು ಮೈಕಿಂದ ದೂರ ದೂರ ಹೋಗ್ತೀರಿ, ಒಂದು ಕಡೆ ನಿಲ್ಲಿ. ಕೀಬೋರ್ಡ್ ಚೆನ್ನಾಗಿದೆ. ಆ ನಿಲ್ಸೋದು ಇದ್ಯಲ್ಲ, ಅದನ್ನ ಯಾರು ಬರೆದಿದ್ದು?"

"ರೈಲು" ಅಂದಳು ಅಕ್ಕ.

"ಎಷ್ಟು ಹೊತ್ತು ಅಂತ ಹೇಗೆ ಗೊತ್ತಾಗುತ್ತೆ?"

"ನಾಲ್ಕು ದಿಂಬಿನ ಚೀಲ."

ಆ ಹೆಂಗಸು ಅದನ್ನೂ ಬರೆದುಕೊಂಡರು. ಆಮೇಲೆ ಪೆನ್ನಿನ ತುದಿಯನ್ನು ನನ್ನ ಕಡೆ ತಿರುಗಿಸಿದರು. "ಬಾಸ್ ಮಾತ್ರ ಸರಿಯಿಲ್ಲ. ಎಲ್ಲರೂ ನಿಂತಾಗ ಇವರೊಬ್ಬರು ಯಾಕೆ ನಿಲ್ಲಿಲ್ಲ?"

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಉತ್ತರ ಕೊಟ್ಟವಳು ಅಕ್ಕ. ಸ್ಟೂಲಿನಿಂದ ಏಳದೆ, ಸಮಾಧಾನವಾಗಿ, ಮನೆಗೆ ಬಂದವರಿಗೆ ಹೇಳುವ ಹಾಗೆ ಹೇಳಿದಳು.

"ಅವನು ನನ್ನ ತಮ್ಮ. ಹೊಸಬ. ಕಲೀತಾನೆ. ಸ್ವಲ್ಪ ನಿಧಾನ, ಅಷ್ಟೇ."

ಅದರಲ್ಲಿ ಕೊಂಕಿರಲಿಲ್ಲ, ಸೇಡಿರಲಿಲ್ಲ. ನನ್ನನ್ನು ಕಾಪಾಡುವುದಕ್ಕೇ ಆಡಿದ ಮಾತು ಅದು, ಅಮ್ಮ ಅವಳನ್ನು ಕಾಪಾಡಲು ಆಡುತ್ತಿದ್ದ ಹಾಗೆ. ಪಕ್ಕದಲ್ಲಿ ನಿಂತು ಆ ಮಾತನ್ನು ಕೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು, ನನ್ನ ನಲವತ್ಮೂರನೇ ವಯಸ್ಸಿನಲ್ಲಿ. ಕಿವಿ ಬಿಸಿಯಾಯಿತು. ಎಷ್ಟು ಸಲ ಹೇಳಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

"ಸಂಜೆ ಏಳಕ್ಕೆ ಎರಡು ಹಾಡು. ಮೊದಲನೆಯದಕ್ಕೆ ಚಿಕ್ಕದೊಂದು ಬೇರೆ ಆರಿಸ್ಕೊಳ್ಳಿ. ರೈಲಿನ ಹಾಡು ಕೊನೆಗೆ. ಬಾಸ್ ಕಲೀದೇ ಇದ್ರೆ ಬೇರೆಯವರನ್ನ ಕರ್ಕೊಂಡು ಬನ್ನಿ" ಎಂದು ವ್ಯವಸ್ಥಾಪಕಿ ಹೊರಟುಹೋದರು. ಇಷ್ಟು ವರ್ಷದಲ್ಲಿ ಅಕ್ಕನ ಬ್ಯಾಂಡಿನಲ್ಲಿ ತಪ್ಪು ಹುಡುಕಿದ ಮೊದಲ ಮನುಷ್ಯರು ಅವರು. ಓಡಿಹೋಗಿ ಅವರ ಕೈ ಕುಲುಕಬೇಕು ಅನ್ನಿಸಿತು. ಪಾಪ ಎಂಬ ಮಾತು ಒಮ್ಮೆಯೂ ಅವರ ಬಾಯಿಂದ ಬರಲಿಲ್ಲ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು ಹೇಳಿದಳು, "ಮಂಗಳವಾರ ಆರಕ್ಕೆ ಬಾ. ಬಂದ್ರೆ ಸೇರಿಸ್ಕೋತೀವಿ."

"ಬರ್ತೀನಿ."

"ಆರಕ್ಕೆ."

"ಆರಕ್ಕಕ್ಕಾ."

ಮಂಗಳವಾರ ಹನ್ನೊಂದು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟಿನ ಬಾಗಿಲು ಮುಚ್ಚುತ್ತಿರಲಿಲ್ಲ. ಐದಕ್ಕೆ ಸಾಮಾನು ಕಟ್ಟಿ, ನಾಳೆ ಬರುತ್ತೇನೆ, ಅಲ್ಲಿಯವರೆಗೆ ಮೆಟ್ಟಿಲು ಹತ್ತಿ ಎಂದು ಹೇಳಿ ಹೊರಟೆ. ಕಟ್ಟಡದವರು ಬೈದರು, ನಾನೂ ಬೈದೆ. ಆರಕ್ಕೆ ಐದು ನಿಮಿಷ ಇರುವಾಗ ಶೆಡ್ಡಿನ ಮುಂದಿದ್ದೆ. ಆರು ಹನ್ನೆರಡಕ್ಕೆ ಮೊದಲು ನೆಲ ನಡುಗಿತು, ಆಮೇಲೆ ತಗಡು, ಆಮೇಲೆ ನನ್ನ ಹಲ್ಲು. ಗಾಡಿಯ ಒಂದೊಂದು ಡಬ್ಬಿಯೂ ತಲೆಯ ಮೇಲೇ ಹೋದಂತಾಯಿತು. ತಂತಿಯ ಮೇಲೆ ಅಂಗೈ ಇಟ್ಟುಕೊಂಡು ಅಕ್ಕನ ಮಣಿಕಟ್ಟು ನೋಡುತ್ತಾ ನಿಂತೆ. ಒಂದು ದಿಂಬಿನ ಚೀಲಕ್ಕೆ ಮೂರು ಮಡಿಕೆ. ಮೊದಲ ದಿನ ಒಂದು ಮಡಿಕೆ ಮೊದಲೇ ಎದ್ದೆ. ಎರಡನೇ ದಿನವೂ ಎದ್ದೆ. ಮನೆಯಲ್ಲಿ ನಮ್ಮ ದಿಂಬಿನ ಚೀಲಗಳನ್ನೆಲ್ಲ ಕಿತ್ತು ಮಡಚುತ್ತಾ ಕೂತೆ, ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ನಾಲ್ಕನೇ ದಿನ ನನಗೆ ಹಿಡಿತ ಸಿಕ್ಕಿತು. ಮೌನಿ ಹುಬ್ಬು ಸಡಿಲಿಸಿದಳು, ರೇಡಿಯೋ ನನ್ನ ಬೆನ್ನು ತಟ್ಟಿ ಹಲ್ಲುಪುಡಿಯ ಜಾಹೀರಾತು ಹೇಳಿದ.

ಸಂಗೀತದ ದಿನ ಸಭಾಂಗಣದ ಹೊರಗಿನ ಹಲಗೆಯ ಮೇಲೆ 'ಸಂಜೆ ಏಳು: ಬ್ಯಾಂಡ್' ಎಂದಿತ್ತು. ಕೆಳಗೆ ಐದು ಹೆಸರು, ಮೊದಲನೆಯದು ಅಕ್ಕನದು. ಅದನ್ನು ನೋಡಿ ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಉಳಿದದ್ದೇ ಹೆಚ್ಚು. ಅಕ್ಕ ಹಲಗೆಯ ಅಂಚು ಗೋಡೆಗೆ ಸಮವಾಗಿದೆಯೇ ಎಂದು ನೋಡಿ, ಸ್ವಲ್ಪ ಸರಿಸಿ ಒಳಗೆ ಹೋದಳು. ನಾನೂರು ಕುರ್ಚಿಯೂ ತುಂಬಿದ್ದವು. ಲಾಂಡ್ರಿಯವರು ಎರಡು ಸಾಲು ಹಿಡಿದಿದ್ದರು, ನಿಜವಾದ ಮೇಸ್ತ್ರಿಯೂ ಬಂದಿದ್ದ.

ಒಂದು ಹಾಡು ಮುಗಿಯಿತು. ಗುಂಡಿ ಹಾಡಿಗೆ ಮೊದಲು ಬ್ಯಾಂಡಿನವರನ್ನು ಪರಿಚಯಿಸುವುದು ಅಕ್ಕನ ಕೆಲಸ. ಮೇಷ್ಟ್ರು ಮೈಕನ್ನು ಅವಳ ಬಾಯಿಯ ಹತ್ತಿರ ಬಗ್ಗಿಸಿದರು.

"ಹಾಡೋದು ರೇಡಿಯೋ. ಕೀಬೋರ್ಡು ಮೌನಿ. ಗಿಟಾರು ಮೇಷ್ಟ್ರು." ಒಂದೊಂದಕ್ಕೂ ಕೋಲು ತೋರಿಸಿ, ಚಪ್ಪಾಳೆ ಮುಗಿಯುವವರೆಗೆ ಕಾದಳು. ಆಮೇಲೆ ಕೋಲು ನನ್ನ ಕಡೆ ತಿರುಗಿತು.

"ಬಾಸು ನನ್ನ ತಮ್ಮ."

ನಾನೂರು ಜನ ನನ್ನನ್ನೇ ನೋಡುತ್ತಿದ್ದರು, ಮುಂದಿನ ಮಾತು ನನಗೆ ಗೊತ್ತಿತ್ತು, ಅದಕ್ಕೆ ನಾನು ತಯಾರಾಗಿಯೇ ನಿಂತಿದ್ದೆ. ಅಕ್ಕ ನನ್ನ ಮುಖ ನೋಡಿದಳು. ಮತ್ತೇನೂ ಹೇಳದೆ ಮೈಕನ್ನು ಪಕ್ಕಕ್ಕೆ ಸರಿಸಿ, ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸಿದಳು.